ಲಸಿಕೆ ಹಾಕಿಸಿದ ಮೇಲೂ ಗಾಯದೊಳಗೆ ಇನ್ನೊಂದು ಸೂಜಿ ಏಕೆ?

ನಾಯಿ ಕಡಿತದ ಬಗ್ಗೆ ಬರುವ ಪತ್ರಗಳನ್ನು ಬೇರೆ ಕವರಿನಲ್ಲಿ ಇಡುತ್ತೇನೆ. ಆ ಕವರು ಈಗ ಹರಿಯುವಷ್ಟು ತುಂಬಿದೆ. ಬಿಚ್ಚಿ ಓದಿದರೆ ನಾಲ್ಕಾರು ಪ್ರಶ್ನೆಗಳೇ ಸುತ್ತಿ ಸುತ್ತಿ ಬರುತ್ತವೆ, ಅದರಲ್ಲೂ ಕೆಳಗಿನದು. ಹಿಂದೆ ಎರಡು ಸಲ ಚಿಕ್ಕದಾಗಿ ಉತ್ತರಿಸಿದ್ದೆ, ಸಾಲಲಿಲ್ಲ. ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಕೇಳಿದವರ ಮೇಲಲ್ಲ. ಗಾಯ ನೋಡಿ ಚೀಟಿ ಬರೆದು, ಯಾಕೆ ಏನು ಎಂದು ಎರಡು ಮಾತು ಹೇಳದೆ ಕಳಿಸುವ ನಮ್ಮ ವೈದ್ಯರ ಮೇಲೆ, ಆ ಮೌನವನ್ನೇ ಬಂಡವಾಳ ಮಾಡಿಕೊಂಡು ಬೇರು, ತಾಯತ ಮಾರುವವರ ಮೇಲೆ. ಈ ಸಲ ಹೆಚ್ಚಿನ ಜಾಗ ಒಂದೇ ಪ್ರಶ್ನೆಗೆ.

ಪ್ರಶ್ನೆ: ಮನೆ ಮುಂದೆ ಆಡುತ್ತಿದ್ದ ನನ್ನ ಏಳು ವರ್ಷದ ಮಗನಿಗೆ ಬೀದಿನಾಯಿ ಕೆನ್ನೆಗೂ ಬೆರಳಿಗೂ ಕಚ್ಚಿ ರಕ್ತ ಬಂತು. ಅಂದೇ ತೋಳಿಗೆ ರೇಬೀಸ್ ಲಸಿಕೆ ಹಾಕಿಸಿದೆವು. ಗಾಯದೊಳಗೆ ಸೀರಮ್ ಕೂಡ ಹಾಕಬೇಕು, ಜಿಲ್ಲಾಸ್ಪತ್ರೆಗೆ ಹೋಗಿ ಎಂದರು. ಮಗು ಆಗಲೇ ಅತ್ತು ಸುಸ್ತಾಗಿತ್ತು. ಕೆನ್ನೆಗೆ ಸೂಜಿ ಚುಚ್ಚಿಸಲು ನಮ್ಮ ಅತ್ತೆ ಒಪ್ಪಲಿಲ್ಲ. ಲಸಿಕೆಯಂತೂ ಆಗಿದೆ. ಮಗನ ರೋಗನಿರೋಧಕ ಶಕ್ತಿಯೂ ಚೆನ್ನಾಗಿದೆ, ವರ್ಷಕ್ಕೆ ಒಂದು ಸಲ ನೆಗಡಿ ಬಂದರೆ ಹೆಚ್ಚು. ಸೀರಮ್ ಬೇಕೇ ಬೇಕಾ? ಕಚ್ಚಿ ಮೂರು ದಿನವಾಯಿತು.

ಉತ್ತರ: ಬೇಕೇ ಬೇಕು. ಈ ತಾಯಿಗೆ ಪತ್ರ ಓದಿದ ಗಳಿಗೆಯಲ್ಲೇ ಫೋನ್ ಮಾಡಿ ಹೇಳಿದೆ, ಸಂಜೆಯೊಳಗೆ ಹಾಕಿಸಿದರು. ಇನ್ನು ಬರೆಯುವುದು ಉಳಿದವರಿಗಾಗಿ.

ಮೊದಲು ಆ ನೆಗಡಿಯ ಮಾತು. ರೋಗನಿರೋಧಕ ಶಕ್ತಿ ಎಂದರೆ ಮನೆ ಮೇಲಿನ ಟ್ಯಾಂಕಿನ ನೀರು, ತುಂಬಿದ್ದರೆ ಯಾವ ನಲ್ಲಿ ತಿರುಗಿಸಿದರೂ ಬರುತ್ತದೆ ಎಂದು ಎಲ್ಲರೂ ತಿಳಿದಂತಿದೆ. ಹಾಗಿಲ್ಲ. ನಮ್ಮ ಮೈಯಲ್ಲಿ ಬಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಕೋಟಿಕೋಟಿ ಇವೆ. ಒಂದೊಂದರ ಮೈಮೇಲೂ ಒಂದೊಂದು ಬಗೆಯ ಕೊಂಡಿ. ನೆಗಡಿಯ ವೈರಸ್ಸಿಗೆ ಹೊಂದುವ ಕೊಂಡಿ ರೇಬೀಸ್ ವೈರಸ್ಸಿಗೆ ಹೊಂದುವುದಿಲ್ಲ. ರೇಬೀಸನ್ನು ಹಿಡಿಯಬಲ್ಲ ಕೋಶಗಳು ಹುಟ್ಟಿನಿಂದಲೇ ನಿಮ್ಮ ಮಗನಲ್ಲಿವೆ, ಆದರೆ ಲಕ್ಷಕ್ಕೆ ಒಂದೋ ಎರಡೋ. ಅವು ಆ ವೈರಸ್ಸನ್ನು ಎಂದೂ ಕಂಡಿಲ್ಲ. ಗಟ್ಟಿಮುಟ್ಟಾದ ಪೈಲ್ವಾನನಲ್ಲೂ ಅಷ್ಟೇ, ಬಡಕಲು ಮಗುವಿನಲ್ಲೂ ಅಷ್ಟೇ. ನೆಗಡಿ ಬರಲಿಲ್ಲ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ತೋಳಿಗೆ ಹಾಕಿದ ಲಸಿಕೆಯಲ್ಲಿರುವುದು ಸತ್ತ ವೈರಸ್. ಚರ್ಮದಲ್ಲೂ ಸ್ನಾಯುವಿನಲ್ಲೂ ಕಾವಲಿರುವ ಕೋಶಗಳು ಅದನ್ನು ನುಂಗಿ, ಚೂರು ಮಾಡಿ, ಆ ಚೂರುಗಳನ್ನು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ನಡೆಯುತ್ತವೆ. ಕಾಲಿಗೆ ಹುಣ್ಣಾದಾಗ ತೊಡೆಸಂದಿಯಲ್ಲಿ ಊದಿಕೊಳ್ಳುವ ಗಂಟು ಇದೆಯಲ್ಲ, ಅದೇ ಜಾತಿಯದು ಇದು. ಅಲ್ಲಿ ಟಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಆ ಚೂರುಗಳನ್ನು ಗುರುತಿಸಬೇಕು, ಹೊಂದುವ ಬಿ ಕೋಶ ಎಲ್ಲಿದ್ದರೂ ಸಿಗಬೇಕು, ಎರಡೂ ಒಪ್ಪಬೇಕು. ಒಪ್ಪಿದ ಮೇಲೆ ಆ ಒಂದು ಕೋಶ ದಿನಕ್ಕೆ ಎರಡರಿಂದ ನಾಲ್ಕು ಸಲ ಇಬ್ಭಾಗವಾಗುತ್ತಾ ಮೂರರಿಂದ ಐದು ದಿನ ತನ್ನ ಸಂತಾನ ಬೆಳೆಸುತ್ತದೆ. ಆ ಸಂತಾನದಲ್ಲಿ ಕೆಲವು ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ಹಿಡಿಯುವ ಪ್ರೋಟೀನು, ತಯಾರಿಸುವ ಕಾರ್ಖಾನೆಗಳಾಗುತ್ತವೆ. ಮೊದಲು ಐಜಿಎಂ ಎಂಬ ಒರಟು ಪ್ರತಿಕಾಯ, ಆಮೇಲೆ ಐಜಿಜಿ ಎಂಬ ಹದವಾದದ್ದು. ವೈರಸ್ಸನ್ನು ಕಟ್ಟಿಹಾಕುವಷ್ಟು ಪ್ರಮಾಣ ರಕ್ತದಲ್ಲಿ ಕಾಣಿಸಿಕೊಳ್ಳಲು 7ರಿಂದ 14 ದಿನ ಬೇಕು. ಬಿತ್ತಿದ ದಿನವೇ ಯಾರೂ ಕೊಯ್ಲಿಗೆ ಕುಡುಗೋಲು ಹಿಡಿಯುವುದಿಲ್ಲ. ಲಸಿಕೆ ಎಂದರೆ ಬಿತ್ತನೆ.

ಅಷ್ಟು ದಿನ ಗಾಯದಲ್ಲಿರುವ ಜೀವಂತ ವೈರಸ್ ಏನು ಮಾಡುತ್ತಿರುತ್ತದೆ? ನನಗೆ ಬರುವ ಪತ್ರಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಎಲ್ಲ ತಿರುಗುವುದೇ ಇದರ ಮೇಲೆ.

ನಾಯಿಯ ಜೊಲ್ಲಿನೊಂದಿಗೆ ಒಳಹೊಕ್ಕ ವೈರಸ್ ಮೊದಮೊದಲು ಗಾಯದ ಅಕ್ಕಪಕ್ಕದ ಸ್ನಾಯುವಿನಲ್ಲೇ ಇರುತ್ತದೆ. ಅಲ್ಲಿ ಅದು ಗಲಾಟೆ ಮಾಡುವುದಿಲ್ಲ. ಕೋಶಗಳನ್ನು ಒಡೆಯುವುದಿಲ್ಲ, ಕೀವು ತರಿಸುವುದಿಲ್ಲ. ವೈರಸ್ ಹೊಕ್ಕ ಕೋಶ ಸಾಮಾನ್ಯವಾಗಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಸುತ್ತಲಿನವರಿಗೆ ಕಳಿಸುತ್ತದೆ. ರೇಬೀಸ್ ವೈರಸ್ಸಿನ ಒಂದು ಪ್ರೋಟೀನು ಆ ಕರೆಯನ್ನೇ ಅದುಮಿಬಿಡುತ್ತದೆ. ಕಳ್ಳ ಹಿತ್ತಲಿಗೆ ಬಂದದ್ದು ಮನೆಯವರಿಗೆ ತಿಳಿಯುವುದೇ ಇಲ್ಲ. ಆಮೇಲೆ ಅದು ಸ್ನಾಯುವಿಗೆ ಅಂಟಿದ ನರದ ತುದಿಯನ್ನು ಹಿಡಿದು ಒಳಗೆ ನುಸುಳಿ, ನರದ ಒಳಗಿನ ಸಾಗಾಟದ ದಾರಿಯಲ್ಲೇ ಮಿದುಳಿನತ್ತ ಹೊರಡುತ್ತದೆ. ನರದೊಳಗೆ ಹೊಕ್ಕಿತೆಂದರೆ ರಕ್ತದಲ್ಲಿರುವ ಪ್ರತಿಕಾಯಗಳ ಕೈಗೆ ಅದು ಸಿಗುವುದು ಬಹಳ ಕಷ್ಟ. ಎಷ್ಟು ಚೆನ್ನಾಗಿ ಅಡಗಿಕೊಳ್ಳುತ್ತದೆ ಎಂದರೆ, ರೋಗಲಕ್ಷಣ ಶುರುವಾದ ರೋಗಿಯ ರಕ್ತ ತೆಗೆದು ನೋಡಿದರೂ ಎಷ್ಟೋ ಸಲ ರೇಬೀಸ್ ವಿರುದ್ಧ ಪ್ರತಿಕಾಯವೇ ಇರುವುದಿಲ್ಲ. ಆ ಹೊತ್ತಿಗೆ ವೈರಸ್ ಮಿದುಳು ತಲುಪಿರುತ್ತದೆ. ಲಕ್ಷಣ ಕಂಡ ಮೇಲೆ ಬದುಕಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ಲಕ್ಷಣ ಕಾಣಿಸುತ್ತದೆ. ಆದರೆ ಒಂದು ವಾರದಲ್ಲೂ ಬರಬಹುದು, ವರ್ಷ ಹಿಡಿಯಲೂಬಹುದು. ಕಾಲಿಗೆ ಕಚ್ಚಿದರೆ ದಾರಿ ಉದ್ದ. ಕೆನ್ನೆಗೆ ಕಚ್ಚಿದರೆ ಮಿದುಳಿಗೆ ಗೇಣುದ್ದದ ದಾರಿ. ಬೆರಳತುದಿಯಲ್ಲಿ ನರಗಳು ಹೆಣೆದುಕೊಂಡಿರುತ್ತವೆ. ಮಗುವಿನ ಮೈಯೇ ಗಿಡ್ಡ, ನಾಯಿಯ ಬಾಯಿ ಅದರ ಮುಖದ ಎತ್ತರಕ್ಕೇ ಬರುತ್ತದೆ. ರೇಬೀಸಿಗೆ ಸಾಯುವವರಲ್ಲಿ ನೂರಕ್ಕೆ ನಲವತ್ತು ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಣ ಇದೇ.

ಹಾಗಾಗಿ ಸ್ವಂತ ಫಸಲು ಮನೆಗೆ ಬರುವ ತನಕ ಕೈಗಡ ತರಬೇಕು. ಸೀರಮ್ ಅಂದರೆ, ಸರಿಯಾದ ಹೆಸರಲ್ಲಿ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಅಂದರೆ, ಆ ಕೈಗಡ. ಲಸಿಕೆ ಹಾಕಿದ ಕುದುರೆಯ ರಕ್ತದಿಂದಲೋ ಮನುಷ್ಯರ ರಕ್ತದಿಂದಲೋ ಬೇರ್ಪಡಿಸಿದ ಸಿದ್ಧ ಪ್ರತಿಕಾಯ. ಈಗ ಪ್ರಯೋಗಾಲಯದಲ್ಲೇ ಬೆಳೆಸಿದ ಮೊನೊಕ್ಲೋನಲ್ ಪ್ರತಿಕಾಯಗಳೂ ನಮ್ಮ ದೇಶದಲ್ಲೇ ತಯಾರಾಗುತ್ತಿವೆ. ಇದು ಮೈಗೆ ಏನನ್ನೂ ಕಲಿಸುವುದಿಲ್ಲ, ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಆದರೆ ಹಾಕಿದ ಕ್ಷಣದಿಂದ ಕೆಲಸ ಮಾಡುತ್ತದೆ. ವೈರಸ್ ಇನ್ನೂ ಗಾಯದಲ್ಲೇ ಇರುವಾಗ, ನರದ ಬಾಗಿಲು ಮುಟ್ಟುವ ಮೊದಲು, ಅದನ್ನು ಸುತ್ತುವರಿದು ಕಟ್ಟಿಹಾಕುತ್ತದೆ. ಅದಕ್ಕೇ ಗಾಯದೊಳಗೆ ಹಾಕುವುದು. ಸೊಂಟಕ್ಕೆ ಹಾಕಿದರೆ ಕೆನ್ನೆಯ ಗಾಯಕ್ಕೆ ತಲುಪುವುದು ತೀರಾ ಕಡಿಮೆ. ಸೊಂಟಕ್ಕೆ ಚುಚ್ಚಿ, ಆಯಿತು ಹೋಗಿ ಎನ್ನುವವರನ್ನು ನಾನು ಕಂಡಿದ್ದೇನೆ, ಅದು ಔಷಧವನ್ನು ಮಣ್ಣುಪಾಲು ಮಾಡಿದಂತೆ.

ಹಾಕುವುದು ಹೇಗೆಂದು ಹೇಳುತ್ತೇನೆ, ಅತ್ತೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಸೂಜಿ ಕೂದಲಿನಷ್ಟು ಸಣ್ಣದು. ಮಗುವನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ತಲೆಯನ್ನು ಅವಳ ಎದೆಗೆ ಒರಗಿಸಿಕೊಳ್ಳುತ್ತೇವೆ. ಹಲ್ಲು ಇಳಿದ ಗುಳಿಯ ಅಂಚಿನಿಂದ ಸೂಜಿಯನ್ನು ಒಳಗೆ ಬಿಟ್ಟು, ಹನಿಹನಿಯಾಗಿ ಔಷಧ ಬಿಡುತ್ತಾ ಹಿಂದಕ್ಕೆ ಎಳೆಯುತ್ತೇವೆ. ಗಾಯದ ಸುತ್ತಲ ಚರ್ಮ ಬೆಳ್ಳಗಾಗಿ ಮೆಲ್ಲಗೆ ಉಬ್ಬುತ್ತದೆ. ಬೆರಳತುದಿಯಲ್ಲಿ ಜಾಗವಿಲ್ಲ, ಅಲ್ಲಿ ಒಂದೊಂದು ಹನಿಗೂ ಕಾಯಬೇಕು. ಒತ್ತಿ ತುಂಬಿದರೆ ರಕ್ತದ ಓಟವೇ ನಿಂತು ಬೆರಳಿಗೆ ಅಪಾಯ. ಮೇಲೆ ಒಂದು ಉಗುರಿನ ಗೀರು ಕಂಡರೂ ಬಿಡುವ ಹಾಗಿಲ್ಲ. ಕೂದಲು ಸರಿಸಿ, ಕಿವಿಯ ಹಿಂದೆ ನೋಡಿ ಹುಡುಕುತ್ತೇವೆ. ಒಂದು ಗಾಯ ತಪ್ಪಿದರೂ ಆ ಬಾಗಿಲು ತೆರೆದೇ ಇರುತ್ತದೆ. 20 ಕೆ.ಜಿ. ತೂಗುವ ಮಗುವಿಗೆ ಮಾನವ ಮೂಲದ್ದಾದರೆ ಹೆಚ್ಚೆಂದರೆ 400 ಯೂನಿಟ್, ಕುದುರೆಯದ್ದಾದರೆ 800. ಗಾಯ ಬಹಳ ಇದ್ದರೆ ಸಲೈನ್ ಬೆರೆಸಿ ಎಲ್ಲಕ್ಕೂ ಮುಟ್ಟಿಸುತ್ತೇವೆ. ನೋವಾಗುತ್ತದೆ, ಇಲ್ಲ ಎಂದು ಸುಳ್ಳು ಹೇಳಲಾರೆ. ಹತ್ತು ನಿಮಿಷದ ಅಳು.

ಇದರಿಂದ ನಿಜಕ್ಕೂ ಪ್ರಯೋಜನವೇ ಎನ್ನುವವರಿಗೆ 1954ರ ಒಂದು ಘಟನೆ. ಇರಾನಿನ ಹಳ್ಳಿಯೊಂದಕ್ಕೆ ಹುಚ್ಚು ಹಿಡಿದ ತೋಳ ನುಗ್ಗಿ 29 ಮಂದಿಗೆ ಕಚ್ಚಿತು. ಅವರಲ್ಲಿ 18 ಜನರಿಗೆ ತಲೆಗೇ ಗಾಯ. ಟೆಹರಾನಿನ ಪಾಶ್ಚರ್ ಸಂಸ್ಥೆಯಲ್ಲಿ ಚಿಕಿತ್ಸೆಯಾಯಿತು. ಆ 18 ಮಂದಿಯಲ್ಲಿ ಲಸಿಕೆ ಮಾತ್ರ ಪಡೆದ 5 ಜನರಲ್ಲಿ 3 ಜನ ಸತ್ತರು. ಲಸಿಕೆಯ ಜೊತೆ ಸೀರಮ್ ಕೂಡ ಪಡೆದ 13 ಜನರಲ್ಲಿ ಸತ್ತದ್ದು ಒಬ್ಬರು. ಒಂದೇ ತೋಳ, ಒಂದೇ ಬಗೆಯ ಗಾಯ. ನಾನು ವಿದ್ಯಾರ್ಥಿಯಾಗಿದ್ದಾಗ ಈ ಲೆಕ್ಕ ಓದಿದ ಮೇಲೆ ಮುಖದ ಗಾಯಕ್ಕೆ ಸೀರಮ್ ಇಲ್ಲದೆ ಯಾರನ್ನೂ ಮನೆಗೆ ಕಳಿಸಿಲ್ಲ. ದಾಸ್ತಾನು ಮುಗಿದಿದ್ದರೆ ಎಲ್ಲಿದೆ ಎಂದು ವಿಚಾರಿಸಿ ಅಲ್ಲಿಗೆ ಕಳಿಸಿದ್ದೇನೆ.

ಲಸಿಕೆಯ ಮೊದಲ ಡೋಸ್ ಬಿದ್ದ 7 ದಿನದೊಳಗೆ ಮಾತ್ರ ಸೀರಮ್ ಹಾಕುವುದು. ಆಮೇಲೆ ಸ್ವಂತ ಪ್ರತಿಕಾಯ ಹುಟ್ಟತೊಡಗುತ್ತದೆ, ಹೊರಗಿನಿಂದ ಸುರಿದರೆ ಅದಕ್ಕೇ ಅಡ್ಡಿ. ಅದೇ ಕಾರಣಕ್ಕೆ ಲಸಿಕೆ ಹಾಕಿದ ಜಾಗದಲ್ಲಿ ಸೀರಮ್ ಹಾಕುವುದಿಲ್ಲ, ಒಂದೇ ಸಿರಿಂಜಿನಲ್ಲಿ ಬೆರೆಸುವುದಿಲ್ಲ. ಸಿದ್ಧ ಪ್ರತಿಕಾಯ ಲಸಿಕೆಯನ್ನೇ ಹಿಡಿದು ಕೂತರೆ ಮೈ ಕಲಿಯುವುದು ಯಾವುದರಿಂದ? ಸೀರಮ್ ಹಾಕುವ ಮೊದಲೇ ಗಾಯಕ್ಕೆ ಹೊಲಿಗೆ ಹಾಕಿಸಲೂಬೇಡಿ. ಕೆನ್ನೆಯಲ್ಲಿ ಕಲೆ ಉಳಿಯುತ್ತದೆಂಬ ಆತುರಕ್ಕೆ ವೈರಸ್ಸನ್ನು ಆಳಕ್ಕೆ ತಳ್ಳಿದಂತಾಗುತ್ತದೆ.

ಕುದುರೆ ಸೀರಮ್ ಎಂದರೆ ಹಿಂಜರಿಯುವವರಿದ್ದಾರೆ. 1890ರಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿಟಾಸಾಟೊ ಶಿಬಾಸಾಬುರೊ ಒಂದು ಪ್ರಾಣಿಯ ಸೀರಮ್ಮಿನಿಂದ ಇನ್ನೊಂದು ಪ್ರಾಣಿಗೆ ರಕ್ಷಣೆ ದಾಟಿಸಬಹುದು ಎಂದು ತೋರಿಸಿದರು. ಗಂಟಲಮಾರಿ ಡಿಫ್ತೀರಿಯಾದಿಂದ ಎಷ್ಟೋ ಮಕ್ಕಳು ಉಳಿದದ್ದು ಕುದುರೆಯ ಸೀರಮ್ಮಿನಿಂದಲೇ. ಬೇರಿಂಗ್‌ಗೆ 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಸಿಕ್ಕಿತು. ಹಾವು ಕಡಿತಕ್ಕೆ ಇವತ್ತಿಗೂ ಹಾಕುವುದು ಕುದುರೆಯ ಪ್ರತಿಕಾಯವನ್ನೇ. ಕೆಲವರಿಗೆ ವಾರ ಹತ್ತು ದಿನದ ಮೇಲೆ ಜ್ವರ, ದದ್ದು, ಕೀಲುನೋವು ಬರುವುದುಂಟು. ಕುದುರೆಯ ಪ್ರೋಟೀನು ಪರಕೀಯವೆಂದು ಮೈ ಅದರ ವಿರುದ್ಧವೂ ಪ್ರತಿಕಾಯ ಮಾಡುವುದರಿಂದ ಹೀಗಾಗುತ್ತದೆ. ಔಷಧಕ್ಕೆ ಬಗ್ಗುತ್ತದೆ. ಈಗಿನ ಶುದ್ಧೀಕರಿಸಿದ ಸೀರಮ್ಮಿನಲ್ಲಿ ತೀವ್ರ ಅಲರ್ಜಿ ಬಹಳ ಅಪರೂಪ. ಆದರೂ ಹಾಕಿದ ಮೇಲೆ ಸ್ವಲ್ಪ ಹೊತ್ತು ಆಸ್ಪತ್ರೆಯಲ್ಲೇ ಕೂರಿಸಿಕೊಳ್ಳುತ್ತೇವೆ.

ಇನ್ನು ನಾಟಿ ಮದ್ದಿನವರ ವಿಷಯ. ಒಮ್ಮೆ ಒಬ್ಬ ಅಜ್ಜಿ ಬಂದರು, ಮೀನಖಂಡದ ಗಾಯದ ತುಂಬ ಸುಣ್ಣ ಮತ್ತು ಕಾರದಪುಡಿ ಕಟ್ಟಿತ್ತು. ಸೋಪು ಹಚ್ಚಿ ನಲ್ಲಿಯ ಕೆಳಗೆ ಹಿಡಿದು ಅದನ್ನು ಬಿಡಿಸಲು ಅರ್ಧ ಗಂಟೆ ಬೇಕಾಯಿತು. ಅಡಿಯಲ್ಲಿ ಮಾಂಸ ಬೆಂದಹಾಗಾಗಿತ್ತು. ಸೋಪು ವೈರಸ್ಸಿನ ಕೊಬ್ಬಿನ ಹೊದಿಕೆಯನ್ನೇ ಕರಗಿಸುತ್ತದೆ. ಹರಿಯುವ ನೀರಲ್ಲಿ 15 ನಿಮಿಷ ಎಂದು ನಾವು ಹಟ ಹಿಡಿಯುವುದು ಅದಕ್ಕೇ. ಕಾರದಪುಡಿ, ಸುಣ್ಣ, ಕಾಫಿಪುಡಿ ಗಾಯವನ್ನು ಕೆರಳಿಸಿ ವೈರಸ್ಸಿಗೆ ನರದ ದಾರಿ ಹತ್ತಿರ ಮಾಡುತ್ತವೆ. "ನಮ್ಮ ಪಂಡಿತರ ಬೇರು ತಿಂದು ಊರಲ್ಲಿ ನೂರು ಜನ ಬದುಕಿದ್ದಾರೆ" ಎಂದು ಪ್ರತಿ ಸಲವೂ ಯಾರಾದರೂ ವಾದಿಸುತ್ತಾರೆ. ಕಚ್ಚುವ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ಹುಚ್ಚುನಾಯಿ ಕಚ್ಚಿದವರಿಗೆಲ್ಲ ರೋಗ ತಗಲುವುದೂ ಇಲ್ಲ. ರೋಗ ತಗಲದೇ ಇದ್ದವರು ಊರ ತುಂಬ ಓಡಾಡಿ ಸಾಕ್ಷಿ ಹೇಳುತ್ತಾರೆ. ತಗಲಿದವರು ಬಂದು ಹೇಳಲಾರರು. ನಾನು ಅಂಥ ಒಬ್ಬ ಹುಡುಗನ ತಂದೆಯ ಎದುರು ಕೂತಿದ್ದೇನೆ. ಬೇರು ಕೊಟ್ಟವನು ಆ ಹೊತ್ತಿಗೆ ಮನೆಗೆ ಬೀಗ ಹಾಕಿಕೊಂಡು ಹೋಗಿದ್ದ.

ಉಳಿದ ಪ್ರಶ್ನೆಗಳು.

"ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಚೂರೇ ಚೂರು ಚುಚ್ಚಿ ಕಳಿಸಿದರು, ಉಳಿದದ್ದನ್ನು ಉಳಿಸಿಕೊಂಡರಾ?" ಇಲ್ಲ. ಅದು ಚರ್ಮದ ಪದರದೊಳಗೆ ಹಾಕುವ ವಿಧಾನ. ಎರಡು ಕಡೆ 0.1 ಮಿ.ಲೀ., 0, 3, 7 ಮತ್ತು 28ನೇ ದಿನ. 0 ಎಂದರೆ ಮೊದಲ ಡೋಸ್ ಹಾಕಿದ ದಿನ. ಚೂರುಗಳನ್ನು ದುಗ್ಧಗ್ರಂಥಿಗೆ ಹೊರುವ ಕಾವಲು ಕೋಶಗಳು ಚರ್ಮದಲ್ಲಿ ದಟ್ಟವಾಗಿರುವುದರಿಂದ ಅಷ್ಟು ಕಡಿಮೆ ಸಾಕು. ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳ್ಳೆ ಎದ್ದಿತ್ತೇ? ಹಾಗಾದರೆ ಸರಿಯಾಗಿ ಬಿದ್ದಿದೆ. ಸ್ನಾಯುವಿಗೆ ಹಾಕುವ ಪೂರ್ತಿ ಡೋಸ್ ಕೂಡ ಇಷ್ಟೇ ಒಳ್ಳೆಯದು, ಅದಕ್ಕೆ 14ನೇ ದಿನದ್ದೂ ಸೇರಿ ಐದು ಸಲ. ಯಾವುದಾದರೂ ಸರಿ, ಕುಂಡಿಗೆ ಮಾತ್ರ ಹಾಕಿಸಬೇಡಿ. ಅಲ್ಲಿ ಕೊಬ್ಬು ಹೆಚ್ಚು, ಪ್ರತಿಕಾಯ ಸರಿಯಾಗಿ ಹುಟ್ಟುವುದಿಲ್ಲ.

"ಹೊಕ್ಕುಳ ಸುತ್ತ 14 ಇಂಜೆಕ್ಷನ್ ಹಾಕುತ್ತಾರಂತೆ." ಆ ಕಾಲ ಮುಗಿಯಿತು. ಅದು ಕುರಿಯ ಮಿದುಳಿನಲ್ಲಿ ಬೆಳೆಸುತ್ತಿದ್ದ ಲಸಿಕೆ, ಹಿಮಾಚಲದ ಕಸೌಲಿಯಲ್ಲಿ ಬ್ರಿಟಿಷ್ ವೈದ್ಯ ಡೇವಿಡ್ ಸೆಂಪಲ್ ರೂಪಿಸಿದ್ದು. ವೈರಸ್ಸಿನ ಜೊತೆ ಕುರಿಯ ನರದ ಹೊದಿಕೆಯ ಪ್ರೋಟೀನೂ ಒಳಹೋಗಿ, ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರುವೆಂದು ಕಲಿತುಬಿಡುತ್ತಿತ್ತು. ಆಮೇಲೆ ಅವರದೇ ನರಗಳ ಮೇಲೆ ಏರಿ ಹೋಗಿ ಲಕ್ವ ಹೊಡೆಸುತ್ತಿತ್ತು. ನಿಮ್ಮ ಮನೆಯ ಹಿರಿಯರ ಹೆದರಿಕೆ ಸುಳ್ಳಲ್ಲ, ಹಳೆಯದು ಅಷ್ಟೇ. ಭಾರತದಲ್ಲಿ ಆ ಲಸಿಕೆಯ ತಯಾರಿಕೆ 2004ರ ಕೊನೆಗೆ ನಿಂತಿತು. ಈಗಿನದು ಕೋಶಗಳಲ್ಲಿ ಬೆಳೆಸಿದ್ದು, ಅದರಲ್ಲಿ ಮಿದುಳಿನ ಅಂಶವಿಲ್ಲ. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಹಾಕುತ್ತೇವೆ.

"ಇಮ್ಯುನಿಟಿ ಹೆಚ್ಚಿಸಲು ಯಾವ ಕಷಾಯ, ಯಾವ ಪುಡಿ?" ಯಾವುದೂ ಇಲ್ಲ. ಆ ದುಡ್ಡಿಗೆ ಮೊಟ್ಟೆ, ಬೇಳೆ, ಸೊಪ್ಪು ತನ್ನಿ.

"ಎರಡು ಸಾವಿರ ರೂಪಾಯಿಗೆ ಇಮ್ಯುನಿಟಿ ಪ್ರೊಫೈಲ್ ಮಾಡುತ್ತಾರೆ, ಮಾಡಿಸಲೇ?" ಬೇಡ.

"ಲಸಿಕೆ ನಡೆಯುವಾಗ ಮಾಂಸ, ಬದನೆಕಾಯಿ ಪಥ್ಯವೇ?" ಪಥ್ಯವಿಲ್ಲ. ಪಥ್ಯ ಮುರಿದೆನೆಂದು ಹೆದರಿ ಮುಂದಿನ ಡೋಸಿಗೆ ಬಾರದವರನ್ನು ಕಂಡು ಬೇಸತ್ತಿದ್ದೇನೆ.

"ಹುಚ್ಚುನಾಯಿ ಕಚ್ಚಿದ ಹಸುವಿನ ಹಾಲು ಕಾಯಿಸಿ ಕುಡಿದೆವು, ಮನೆಮಂದಿಗೆಲ್ಲ ಲಸಿಕೆ ಬೇಕೇ?" ಬೇಡ. ಆದರೆ ಹಸುವಿನ ಬಾಯಿಗೆ ಕೈ ಹಾಕಿದವರು ಯಾರಾದರೂ ಇದ್ದರೆ ಅವರನ್ನು ಇವತ್ತೇ ಕರೆತನ್ನಿ.

"ಕೂಸಿಗೆ ಒಂದೇ ಸಲಕ್ಕೆ ಐದು ರೋಗದ ಲಸಿಕೆ ಕೊಟ್ಟರೆ ರೋಗನಿರೋಧಕ ಶಕ್ತಿ ದಣಿಯುವುದಿಲ್ಲವೇ?" ಹುಟ್ಟಿದ ಗಳಿಗೆಯಿಂದ ಕೂಸಿನ ಬಾಯಿ, ಕರುಳು, ಚರ್ಮಕ್ಕೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಬಂದು ನೆಲೆಸುತ್ತವೆ. ಅದನ್ನು ಸಂಭಾಳಿಸುವ ಮೈಗೆ ಐದು ಹೊರೆಯಲ್ಲ. ಒಂದೊಂದಕ್ಕೂ ಬೇರೆ ಬೇರೆ ಕೋಶಗಳಿವೆ ಎಂದು ಮೇಲೆ ಹೇಳಿದ್ದೇನೆ.

"ಕಚ್ಚಿದ್ದು ಪಕ್ಕದ ಮನೆಯ ಸಾಕುನಾಯಿ, ಅದಕ್ಕೆ ಲಸಿಕೆ ಆಗಿದೆ. ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಹಾಕಿಸೋಣವೇ?" ಹತ್ತು ದಿನ ನಾಯಿಯನ್ನು ನೋಡಿ, ಲಸಿಕೆಯನ್ನು ಇವತ್ತೇ ಶುರು ಮಾಡಿ. ಎರಡೂ ಒಟ್ಟಿಗೆ. ನಾಯಿ ಹತ್ತು ದಿನವೂ ಆರೋಗ್ಯವಾಗಿದ್ದರೆ, ಕಚ್ಚುವ ಹೊತ್ತಿಗೆ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ, ಉಳಿದ ಡೋಸ್ ನಿಲ್ಲಿಸಬಹುದೇ ಎಂದು ವೈದ್ಯರು ಹೇಳುತ್ತಾರೆ. ನನ್ನ ಮಾತು ಕೇಳಿದರೆ ಪೂರ್ತಿ ಮುಗಿಸಿಬಿಡಿ. ಲಸಿಕೆಯಿಂದ ಹುಟ್ಟಿದ ಕೋಶಗಳಲ್ಲಿ ಕೆಲವು ನೆನಪಿನ ಕೋಶಗಳಾಗಿ ವರ್ಷಗಟ್ಟಲೆ ಉಳಿಯುತ್ತವೆ. ಮುಂದೆ ಎಂದಾದರೂ ಮತ್ತೆ ನಾಯಿ ಕಚ್ಚಿದರೆ ಅವಕ್ಕೆ ಎರಡು ವಾರ ಬೇಡ, ಕೆಲವೇ ದಿನಗಳಲ್ಲಿ ಪ್ರತಿಕಾಯ ಸುರಿಸುತ್ತವೆ. ಆಗ 0 ಮತ್ತು 3ನೇ ದಿನ ಎರಡು ಸಲ ಲಸಿಕೆ ಸಾಕು, ಸೀರಮ್ ಬೇಕಾಗುವುದಿಲ್ಲ. ಆದರೆ ಹಿಂದೆ ಪೂರ್ತಿ ಹಾಕಿಸಿದ್ದಕ್ಕೆ ದಾಖಲೆ ಕೇಳುತ್ತೇವೆ. ಬಾಯಿಮಾತಿಗೆ ನಾನಂತೂ ಒಪ್ಪುವುದಿಲ್ಲ, ಮತ್ತೆ ಮೊದಲಿನಿಂದ ಹಾಕುತ್ತೇನೆ. ಆ ಲಸಿಕೆ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ, ಫೋನಿನಲ್ಲಿ ಒಂದು ಫೋಟೊನೂ ತೆಗೆದಿಡಿ.